ಕಾಕಾನಿಗೆ ಮಣ್ಣು ಕೊಟ್ಟ ದಿನ

ಇಲ್ಲಿನ ಕೆಲವು ವಿವರಗಳು ತಪ್ಪಿರಬಹುದು. ಅವತ್ತು ಶಾಂತಾ ಚಿಗವ್ವ ಉಟ್ಟಿದ್ದು ಹಸಿರು ಸೀರೆಯೆಂದು ನನ್ನ ನೆನಪು. ಇಲ್ಲ, ನೀಲಿ ಎನ್ನುತ್ತಾಳೆ ತಂಗಿ. ಇಂಥ ಕಥೆಗಳನ್ನು ಬೇರೆಯವರು ಹೇಳಿದಾಗ ಕಲಬುರಗಿಯ ಹಾಸ್ಟೆಲ್ಲಿನಲ್ಲಿ ಕೂತು ನಕ್ಕವಳೇ ನಾನು. ಆದರೆ ಇದು ನಡೆದದ್ದು ನಡುಮಧ್ಯಾಹ್ನ, ನಮ್ಮೂರು ಮಟಕಿಯಲ್ಲಿ, ನಮ್ಮದೇ ಹೊಲದಲ್ಲಿ. ನಾನು ರಜೆಗೆ ಬಂದಿದ್ದೆ.

ಚಿಗವ್ವನ ಗಂಡ, ನಮ್ಮ ಕಾಕಾ, ತೊಗರಿಗೆ ಔಷಧಿ ಹೊಡೆಯಲು ಹೋದವ ಮನೆಗೆ ಬರಲಿಲ್ಲ. ಪಂಪು ಬದುವಿನ ಮೇಲಿತ್ತು, ಅವನಿರಲಿಲ್ಲ. ಬಾವಿ, ಹಳ್ಳ ಎಲ್ಲ ಹುಡುಕಿದ್ದಾಯಿತು. ಮೊದಮೊದಲು ಊರು ಚಿಗವ್ವನ ಜೊತೆ ಅತ್ತಿತು. ವರ್ಷ ದಾಟಿದ ಮೇಲೆ ಬೇಸತ್ತಿತು. ಸತ್ತನೋ ಬದುಕಿರುವನೋ ತಿಳಿಯದವನ ಮನೆತನಕ್ಕೆ ಹೆಣ್ಣು ಕೊಡುವವರಿಲ್ಲ, ಅಲ್ಲಿಂದ ಹೆಣ್ಣು ತರುವವರೂ ಇಲ್ಲ. ಲಿಂಗ ಕಟ್ಟಿದವರಿಗೆ ಸಾವಿನ ಸೂತಕವಿಲ್ಲ ಎನ್ನುವ ನಮ್ಮ ಹಿರಿಯರೇ ದಾರಿ ಹೇಳಿದರು: ಒಣ ಜೋಳದ ದಂಟಿನಿಂದ ಗೊಂಬೆ ಮಾಡಿ, ಅವನ ಅಂಗಿ ತೊಡಿಸಿ, ಕುಣಿಯಲ್ಲಿ ಕೂಡಿಸಿ ಮಣ್ಣು ಕೊಡುವುದು. ಮಣ್ಣು ಕೊಟ್ಟ ಮೇಲೆ ಅವನೇ ಬಂದು ನಿಂತರೂ ಊರು ಅವನನ್ನು ನೋಡಬಾರದು, ಮಾತಾಡಿಸಬಾರದು.

ಚಿಗವ್ವ ಒಪ್ಪಲಿಲ್ಲ. ಆದರೆ ಕಾಕಾನ ಸುದ್ದಿಯಿಲ್ಲದ ಕಾರಣಕ್ಕೇ ದೊಡ್ಡಪ್ಪನ ಮಗಳ ಮದುವೆ ನಿಂತಿತ್ತು. ದೊಡ್ಡಪ್ಪ ಹೊಲದಲ್ಲಿ ಕುಣಿ ತೋಡಿಸಿದ.

“ಅವ ಬದುಕ್ಯಾನಂತ ತೋರ್ಸು, ಈಗೇ ಕುಣಿ ಮುಚ್ಚಿಸ್ತೇನಿ,” ಎಂದ ದೊಡ್ಡಪ್ಪ.

“ಸತ್ತಾನಂತ ನೀವ್ ತೋರಸ್ರಿ, ಭಾವಾ.”

“ನಿನ್ನ ಬಾಯಿಗಿ ಹೆದರೇ ಓಡಿರಬೇಕು ಬೇ ಅವ,” ಎಂದಳು ನೆರೆಮನೆಯಾಕೆ. ಕೆಲವರು ನಕ್ಕರು.

ಗೊಂಬೆಗೆ ವಿಭೂತಿ ಹಚ್ಚಿ ಕೂಡಿಸಿದರು. ಎಲ್ಲರೂ ಹಿಡಿಮಣ್ಣು ಹಾಕಿದ ಮೇಲೆ ದೊಡ್ಡಪ್ಪ ಸಲಿಕೆ ಹಿಡಿದ. ಮಣ್ಣು ಗೊಂಬೆಯ ಎದೆಮಟ್ಟಕ್ಕೆ ಬಂದಾಗ, ನಮ್ಮ ಬೆನ್ನ ಹಿಂದಿನ ತೊಗರಿಯೊಳಗಿಂದ ಕಾಕಾನ ದನಿ ಬಂತು. ಚೀರಿದ್ದಲ್ಲ. ಹೊಲದಲ್ಲಿ ದಿನಾ ಕರೆಯುತ್ತಿದ್ದ ಹಾಗೇ: “ಏ ಶಾಂತಾ, ನೀರ್ ತಗೊಂಡ್ ಬಾ.”

ಸಲಿಕೆ ನಿಂತಿತು. ಆಮೇಲೆ ಮೊದಲಿಗಿಂತ ಜೋರಾಗಿ ನಡೆಯಿತು. ಒಬ್ಬರೂ ತಿರುಗಲಿಲ್ಲ. ಓಡಲು ಹೊರಟ ಚಿಗವ್ವನನ್ನು ಹೆಂಗಸರು ನೆಲಕ್ಕೆ ಒತ್ತಿ ಹಿಡಿದು, ಅಲ್ಲೇ ಕಲ್ಲಿನಿಂದ ಅವಳ ಬಳೆ ಒಡೆದರು. ನಾನು ಹೊರಳಿ ನೋಡಹೋದೆ. ಅವ್ವ ನನ್ನ ಗದ್ದ ಹಿಡಿದು ಮುಖವನ್ನು ಕುಣಿಯ ಕಡೆಗೆ ತಿರುವಿದಳು. ಕರೆ ಇನ್ನೊಮ್ಮೆ ಬಂತು. ಆಮೇಲೆ ಇಲ್ಲ.

ಮದುವೆ ಆಯಿತು. ಚಿಗವ್ವನನ್ನು ಸರಸಂಬಾದ ತವರಿಗೆ ಕಳಿಸಿದರು. ಆ ಹೊಲಕ್ಕೆ ಇಂದಿಗೂ ಯಾರೂ ಒಬ್ಬರೇ ಹೋಗುವುದಿಲ್ಲ. ಕೇಳಿದರೆ ಹಾವಿನ ಕಾಟ ಎನ್ನುತ್ತಾರೆ. ದುಃಖದಲ್ಲಿರುವ ಜನರಿಗೆ ಒಟ್ಟಿಗೇ ಭ್ರಮೆಯಾಗಬಹುದೆಂದು ನಾನು ಓದಿದ್ದೇನೆ. ಆದರೆ ಅಲ್ಲಿ ದುಃಖದಲ್ಲಿದ್ದವಳು ಒಬ್ಬಳೇ.

ತನಗೇನೂ ಕೇಳಿಸಿದ್ದಿಲ್ಲ ಎನ್ನುತ್ತಾಳೆ ಅವ್ವ. ಅವಳು ರೊಟ್ಟಿ ಬಡಿಯುತ್ತಿದ್ದಾಗ ಒಮ್ಮೆ ಕೇಳಿದೆ.

“ನಿನಗ ಏನೂ ಕೇಳಿಸಿದ್ದಿಲ್ಲ ಅಂದ್ರ, ಅವತ್ತ ನನ್ನ ಮುಖ ಯಾಕ ತಿರುವಿದಿ?”