ಮಠದ ಕಟ್ಟೆಯ ಮೇಲೆ ಆಡಿದ ಮಾತು

ಕಾನೂನು ತಿಳಿಯದು ಎಂದು ಹೇಳಿ ಯಾರೂ ತಪ್ಪಿಸಿಕೊಳ್ಳುವಂತಿಲ್ಲವಂತೆ. ಈ ಮಾತನ್ನು ನಾನು ಮೊದಲು ಕೇಳಿದ್ದು ತರೀಕೆರೆಯಲ್ಲಿ, ನಮ್ಮಣ್ಣನ ಪರ ವಕಾಲತ್ತು ವಹಿಸಿದ್ದ ವಕೀಲರ ಜಗಲಿಯ ಮೇಲೆ. ಹಾಗಾದರೆ ನಮ್ಮೂರಿನ ರೀತಿ ತಿಳಿಯದು ಎಂದು ಹೇಳಿ ಕಾನೂನು ಮಾತ್ರ ಹೇಗೆ ತಪ್ಪಿಸಿಕೊಳ್ಳುತ್ತದೆ ಎಂದು ಆಗಲೇ ಕೇಳಬೇಕೆನಿಸಿತ್ತು. ಕೇಳಲಿಲ್ಲ. ಹೆಂಗಸರು ವಕೀಲರ ಜಗಲಿಯವರೆಗೆ ಬಂದದ್ದೇ ಹೆಚ್ಚು ಎನ್ನುವ ಕಾಲ ಅದು. ಈಗ ಕೇಳುತ್ತಿದ್ದೇನೆ. ಉತ್ತರ ಹೇಳಬೇಕಾದವರೆಲ್ಲ ಮಣ್ಣಾಗಿದ್ದಾರೆ.

ನನ್ನನ್ನು ಕೊಟ್ಟಿದ್ದು ಅಜ್ಜಂಪುರದ ಹತ್ತಿ ವ್ಯಾಪಾರದ ಮನೆಗೆ. ತವರು ಕಡೂರು ಸೀಮೆ, ಎಮ್ಮೆದೊಡ್ಡಿ ಕಾವಲಿನ ಅಂಚಿನ ಒಂದು ಊರು. ಅಪ್ಪ ಅವ್ವ ಇಬ್ಬರೂ ತೀರಿಕೊಂಡಿದ್ದರು. ತವರು ಎಂದರೆ ಅಣ್ಣ, ಅತ್ತಿಗೆ, ಕಾವಲಿಗೆ ಒತ್ತಿಕೊಂಡಿದ್ದ ಖುಷ್ಕಿ ಹೊಲ, ಒಂದಷ್ಟು ತೆಂಗು. ಕಾವಲೆಂದರೆ ಹುಲ್ಲುಗಾವಲು, ಅಲ್ಲಿ ಮೇಯುತ್ತಿದ್ದದ್ದು ಸರ್ಕಾರಿ ದನ. ಆ ದನಗಳ ಚೆಂದವನ್ನು ಹೊಗಳುವವರು ಬಹಳ. ಹೊಗಳಲಿ, ಅವರ ಹೊಲ ಕಾವಲಿನ ಪಕ್ಕ ಇರಲಿಲ್ಲ. ಅವು ಕೊಟ್ಟಿಗೆ ಕಂಡವಲ್ಲ, ಮೂಗುದಾರ ಕಂಡವಲ್ಲ, ಮನುಷ್ಯರನ್ನು ಕಂಡರೆ ತಲೆ ತಗ್ಗಿಸಿ ನಿಲ್ಲುತ್ತಿದ್ದವು. ಅವನ್ನು ಕಾಯುವವನೇ ನಮ್ಮ ಹೊಲದ ಕಡೆಗೆ ಬಿಟ್ಟು ಮರದಡಿ ಮಲಗುತ್ತಿದ್ದ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಆ ವರ್ಷ ಮಳೆ ನಡುವೆ ಕೈಕೊಟ್ಟು, ಮೊಳಕಾಲುದ್ದ ಬಂದಿದ್ದ ಜೋಳ ಬಾಡಿ ನಿಂತಿತ್ತು. ಬಾಡಿದ ಎಳೆ ಜೋಳ ದನಕ್ಕೆ ವಿಷ. ನಮ್ಮ ಸೀಮೆಯಲ್ಲಿ ಮಾತು ಬಾರದ ಕೂಸಿಗೂ ಇದು ಗೊತ್ತು. ಒಂದು ಬೆಳಿಗ್ಗೆ ಅಣ್ಣ, ಅತ್ತಿಗೆ ಹೊಲಕ್ಕೆ ಹೋದಾಗ ಕಾವಲಿನ ಗೂಳಿಯೊಂದು ಆ ಜೋಳದ ನಡುವೆ ನಿಂತು ಮೇಯುತ್ತಿತ್ತು. ಅತ್ತಿಗೆ ಬಸುರಿ, ತುಂಬಾ ದಿನಕ್ಕೆ ಹೊಟ್ಟೆಯಲ್ಲಿ ನಿಂತ ಕೂಸು. ಬದುವಿನ ಮೇಲಿದ್ದ ಅವಳನ್ನು ನೋಡಿ ಗೂಳಿ ನುಗ್ಗಿತು. ಓಡಲು ಹೋಗಿ ಅವಳು ಬಿದ್ದಳು. ಅಣ್ಣನ ಕೈಯಲ್ಲಿ ಗುದ್ದಲಿ ಇತ್ತು. ಅದರ ಹಿಂಬದಿಯಿಂದ ಗೂಳಿಯ ಹಣೆಗೆ ಒಂದು ಏಟು ಹಾಕಿದ. ಅದು ತಲೆ ಕೊಡವಿ, ತಿರುಗಿ, ಕೆರೆಯ ಕಡೆಗೆ ನಡೆದು ಹೋಯಿತು. ಸಂಜೆಯ ಹೊತ್ತಿಗೆ ಕೆರೆಯಂಗಳದಲ್ಲಿ ಹೊಟ್ಟೆ ಉಬ್ಬಿ ಸತ್ತು ಬಿದ್ದಿತ್ತು.

ಇಲ್ಲಿ ನಮ್ಮವರ ರೀತಿಯೊಂದನ್ನು ಹೇಳಬೇಕು. ನಮ್ಮಲ್ಲಿ ದನ ಸಾಯುವಾಗ ಮನುಷ್ಯನ ಕೈ ಸೋಕಿದ್ದರೆ ದೋಷ. ಬೇಕೆಂದು ಮಾಡಿದೆಯೋ, ತಿಳಿಯದೆ ಮಾಡಿದೆಯೋ, ಯಾರೂ ಕೇಳುವುದಿಲ್ಲ. ಗೂಟಕ್ಕೆ ಕಟ್ಟಿದ ಹಸು ತಾನೇ ಹಗ್ಗಕ್ಕೆ ಸಿಕ್ಕಿ ಸತ್ತರೂ ಕಟ್ಟಿದವನು ಕೊಂದವನೇ. ಅವನು ಆ ಹಗ್ಗವನ್ನು ತನ್ನ ಕೊರಳಿಗೆ ಹಾಕಿಕೊಂಡು, ಮನೆಮನೆಯ ಮುಂದೆ ನಿಂತು, ಮಾತಾಡದೆ 'ಅಂಬಾ' ಎಂದಷ್ಟೇ ಕೂಗಿ ಹಿಟ್ಟು ಬೇಡಬೇಕು. ಆಮೇಲೆ ಮಠದ ಕಟ್ಟೆಯ ಮೇಲೆ ನಿಂತು ಊರ ಮುಂದೆ, "ಗೋವಿನ ಜೀವ ನನ್ನ ಕೈಲಿ ಹೋಯ್ತು, ಕೊಂದೋನು ನಾನೇ, ಒಳಗೆ ಕರ್ಕೊಳ್ಳಿ" ಎನ್ನಬೇಕು. ಅಯ್ಯನವರು ವಿಭೂತಿ ಹಚ್ಚಿ ತೀರ್ಥ ಕೊಡುತ್ತಾರೆ. ಅಲ್ಲಿಗೆ ಮುಗಿಯಿತು. ಆ ಮಾತು ಹೇಳದವನ ಮನೆಯ ನೀರು ಯಾರೂ ಕುಡಿಯುವುದಿಲ್ಲ. ನಮ್ಮ ಊರ ಗೌಡನೇ ಹಿಂದೊಮ್ಮೆ, ತನ್ನ ಹಸು ಹೀಗೆ ಹಗ್ಗ ಬಿಗಿದು ಸತ್ತಾಗ, ಕೊರಳಿಗೆ ಹಗ್ಗ ಹಾಕಿಕೊಂಡು ಅದೇ ಕಟ್ಟೆ ಹತ್ತಿ ಅದೇ ಮಾತು ಹೇಳಿದ್ದ. ನಾನು ಆಗ ಮದುವೆಯಾಗದ ಹುಡುಗಿ. ಅಂಬಾ ಎಂದು ನಮ್ಮ ಬಾಗಿಲಿಗೆ ಬಂದ ಗೌಡನಿಗೆ ಹಿಟ್ಟು ಹಾಕಿದವಳು ನಾನೇ.

ಅಣ್ಣ ಮಾರನೆಯ ದಿನವೇ ಕೊಟ್ಟಿಗೆಯ ಹಗ್ಗವೊಂದನ್ನು ಕೊರಳಿಗೆ ಹಾಕಿಕೊಂಡು ಹಿಟ್ಟು ಬೇಡಲು ಹೊರಟ. ಬಸುರಿ ಇರುವ ಮನೆ, ದೋಷ ಕೂಸಿಗೆ ತಟ್ಟಬಾರದು ಎಂದು ಅವಸರ. ಎಲ್ಲ ಮುಗಿಸಿ, ತೀರ್ಥ ಕುಡಿದು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಹಗುರಾಗಿ ಮನೆಗೆ ಬಂದ. ಪೊಲೀಸ್ ದಫೇದಾರ ಬಂದದ್ದು ಅದಾದ ಮೇಲೆ.

ದನ ಕಾಯುವವನು ದೂರು ಕೊಟ್ಟಿದ್ದ. ಗೂಳಿ ಹೊಲಕ್ಕೆ ಕಾಲಿಟ್ಟೇ ಇರಲಿಲ್ಲವಂತೆ. ಅಣ್ಣ ಹಳೆಯ ಹಗೆಯಿಂದ ಕಾವಲಿನೊಳಗೆ ಅಟ್ಟಿಸಿಕೊಂಡು ಹೋಗಿ ಹೊಡೆದನಂತೆ. ತಾನು ಮಲಗಿದ್ದೆ ಎಂದು ಹೇಳಿದರೆ ಕೆಲಸ ಹೋಗುತ್ತದೆ, ಅದಕ್ಕೆ ಆ ಸುಳ್ಳು. ನನ್ನ ಯಜಮಾನರು ಓಡಾಡಿ ಜಾಮೀನು ಕೊಟ್ಟು, ತರೀಕೆರೆಯಲ್ಲಿ ಒಬ್ಬ ವಕೀಲರನ್ನು ಹಿಡಿದರು. ವಿಚಾರಣೆಯ ದಿನಗಳಲ್ಲಿ ಅತ್ತಿಗೆಗೆ ಜೊತೆ ಬೇಕಿತ್ತು. ನಾನು ಅಜ್ಜಂಪುರದಲ್ಲಿ ರೈಲು ಹತ್ತುತ್ತಿದ್ದೆ, ಅಣ್ಣ, ಅತ್ತಿಗೆ ಕಡೂರಿನಲ್ಲಿ ಹತ್ತುತ್ತಿದ್ದರು. ಬೀರೂರಿನಲ್ಲಿ ಸೇರಿ ತರೀಕೆರೆಯ ರೈಲಿಗೆ ಕಾಯುತ್ತಿದ್ದೆವು. ನಾನು ಬುತ್ತಿ ಬಿಚ್ಚಿದರೆ ಅಣ್ಣ ಗಡದ್ದಾಗಿ ಉಣ್ಣುತ್ತಿದ್ದ. ಅವನಿಗೆ ಹೆದರಿಕೆಯೇ ಇರಲಿಲ್ಲ. ದೇವರ ಮುಂದೆ ಮುಗಿದ ಲೆಕ್ಕ ಮನುಷ್ಯರ ಮುಂದೆ ಇನ್ನೇನು ಎಂದುಕೊಂಡಿದ್ದ ಹುಚ್ಚಪ್ಪ.

ವಕೀಲರು ಒಳ್ಳೆಯವರು, ನಿಧಾನಸ್ಥರು. ಜಗಲಿಯ ಮೇಲೆ ಕೂರಿಸಿಕೊಂಡು ಮಕ್ಕಳಿಗೆ ಹೇಳುವಂತೆ ಹೇಳಿದರು.

"ನೋಡಪ್ಪಾ, ಕೈ ಮಾಡಿದ್ದಷ್ಟೇ ಅಪರಾಧ ಅಲ್ಲ. ಕೈಯ ಹಿಂದೆ ಕೆಟ್ಟ ಮನಸ್ಸೂ ಇರಬೇಕು. ನಿನ್ನ ಮನಸ್ಸಲ್ಲಿ ಇದ್ದದ್ದು ಹೆಂಡತಿಯನ್ನ ಉಳಿಸೋದು. ದೊಡ್ಡ ಕೇಡು ತಪ್ಪಿಸೋಕೆ ಸಣ್ಣ ಕೇಡು ಮಾಡಿದರೆ ಕಾನೂನು ಕ್ಷಮಿಸುತ್ತೆ. ಅದೂ ಬೇಡ ಅನ್ನು, ಏಟಿನಿಂದಲೇ ಸತ್ತಿತು ಅಂತ ಯಾರು ಕಂಡವರು? ಹೊಟ್ಟೆ ಉಬ್ಬಿತ್ತು, ಜೋಳ ತಿಂದಿತ್ತು. ಕೊಂದೆ ಅಂತ ಸರ್ಕಾರ ರುಜುವಾತು ಮಾಡಬೇಕು, ಕೊಂದಿಲ್ಲ ಅಂತ ನೀನು ಮಾಡಬೇಕಾಗಿಲ್ಲ. ಅನುಮಾನ ಉಳಿದರೆ ಅದು ನಿನ್ನ ಕಡೆಗೆ."

ನನಗೆ ಜೀವ ಬಂದಂತಾಯಿತು. ಇಷ್ಟು ಚೆನ್ನಾದ ಮಾತನ್ನು ನಮ್ಮ ಮಠದಲ್ಲಿ ಯಾರೂ ಹೇಳಿರಲಿಲ್ಲ. ಮನಸ್ಸನ್ನು ಕೇಳುವ ಕಾನೂನೂ ಒಂದಿದೆಯಲ್ಲ ಎಂದು ಕೈ ಮುಗಿಯಬೇಕೆನಿಸಿತು. ಆಗ ಅಣ್ಣ, ಒಳ್ಳೆಯ ಸುದ್ದಿಗೆ ಇನ್ನಷ್ಟು ಒಳ್ಳೆಯದನ್ನು ಸೇರಿಸುವವನ ಹಾಗೆ, ಮಠದಲ್ಲಿ ಎಲ್ಲ ಶಾಸ್ತ್ರ ಮುಗಿಸಿರುವುದನ್ನೂ ಕಟ್ಟೆಯ ಮೇಲೆ ಆಡಿದ ಮಾತನ್ನೂ ಹೇಳಿದ.

ವಕೀಲರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಊರೆಲ್ಲ ಕೇಳೋ ಹಾಗೆ ಹೇಳಿದೆಯಾ?"

"ಹೂಂ ಬುದ್ಧಿ, ಮೆತ್ತಗೆ ಹೇಳಿದ್ರೆ ನಡೆಯಕಿಲ್ಲ."

"ಅದನ್ನ ತಪ್ಪೊಪ್ಪಿಗೆ ಅಂತಾರಪ್ಪಾ" ಎಂದರು ವಕೀಲರು. ಕನ್ನಡಕ ಮತ್ತೆ ಹಾಕಿಕೊಂಡು, "ನಿನ್ನನ್ನ ಮ್ಯಾಜಿಸ್ಟ್ರೇಟ್ ಸಾಹೇಬರು ಏನಾದರೂ ಕೇಳಿದರೆ ಉತ್ತರ ಹೇಳಲೇಬೇಕು ಅಂತಿಲ್ಲ. ಆರೋಪ ಹೊತ್ತವನು ಸುಮ್ಮನಿರಬಹುದು. ಬಾಯಿ ಬಿಡಲೇಬೇಕು ಅನ್ನಿಸಿದರೆ, ಅದು ಶಾಸ್ತ್ರದ ಮಾತು, ಎಲ್ಲರೂ ಹೇಳೋದು, ನಿಜ ಅಲ್ಲ ಅನ್ನು" ಎಂದರು.

ದಾರಿಯಲ್ಲಿ ನಾನೇ ಕೆಣಕಿದೆ. "ಅಣ್ಣಾ, ಜೋಳ ತಿಂದೇ ಸತ್ತೈತೆ ಅಂತ ನಿಂಗೂ ಗೊತ್ತು. ಹಂಗೇ ಹೇಳು."

"ಜೋಳ ತಿಂದೇ ಸತ್ತಿರಬೋದು ಕಣವ್ವಾ. ಜೋಳ ಯಾರ್ದು? ನಂದೇ ಅಲ್ವಾ?"

ನನಗೆ ಬಂದ ಕೋಪ ಇವತ್ತಿಗೂ ಇಳಿದಿಲ್ಲ. ದಾರಿ ತಪ್ಪಿ ಬಂದ ಗೂಳಿ, ಮಲಗಿದ ಕಾವಲುಗಾರ, ಬಾಡಿದ ಬೆಳೆ, ಎಲ್ಲದರ ಪಾಪವನ್ನೂ ಒಬ್ಬನೇ ಹೊರಲು ಇವನೇನು ಹೇರಿನ ಎತ್ತೇ?

ವಿಚಾರಣೆಯ ದಿನ ದನ ಕಾಯುವವನು ತನ್ನ ಸುಳ್ಳನ್ನು ಒಪ್ಪವಾಗಿ ಹೇಳಿದ. ಅತ್ತಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಆರೋಪಿಗೆ ನೀನು ಏನಾಗಬೇಕು ಎಂದು ಸರ್ಕಾರದ ಕಡೆಯ ವಕೀಲರು ಕೇಳಿದರು. ಹೆಂಡತಿ ಎಂದಳು. ಅವರು ಸಾಹೇಬರ ಕಡೆ ನೋಡಿ ಸಣ್ಣಗೆ ನಕ್ಕು ಕೂತುಬಿಟ್ಟರು. ಗೂಳಿ ನುಗ್ಗಿದ್ದು ಹೆಂಡತಿಯ ಮೇಲೆ. ಪಕ್ಕದ ಊರಿನ ದಾರಿಹೋಕರ ಮೇಲೆ ನುಗ್ಗಿದ್ದರೆ ನಂಬುತ್ತಿದ್ದರೇನೋ.

ಆಮೇಲೆ ಸರ್ಕಾರದ ಕಡೆಯ ಸಾಕ್ಷಿಯಾಗಿ ಗೌಡ ಬಂದ. ಅಣ್ಣ ಕಟ್ಟೆಯ ಮೇಲೆ ಆಡಿದ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದ. ನಮ್ಮ ವಕೀಲರು ಎದ್ದರು.

"ಗೌಡರೇ, ನಿಮ್ಮ ಹಸು ಹಗ್ಗ ಬಿಗಿದು ಸತ್ತಾಗ ನೀವೂ ಇದೇ ಮಾತು ಹೇಳಿದ್ದುಂಟೋ?"

ಗೌಡ ತಡೆದ. "ಹೇಳಿದ್ದುಂಟು."

"ಕೊಂದವನು ನಾನೇ ಅಂದಿರಿ. ಕೊಂದಿದ್ದಿರೋ?"

ಇಲ್ಲ, ಅದು ಶಾಸ್ತ್ರಕ್ಕೆ ಆಡುವ ಮಾತು ಎಂದು ಅವನೊಬ್ಬ ಹೇಳಿದ್ದರೆ ಸಾಕಿತ್ತು, ಅಣ್ಣ ಮನೆಗೆ ಬರುತ್ತಿದ್ದ. ಗೌಡ ಅತ್ತ, ವಿಚಾರಣೆ ನೋಡಲು ಬಂದು ಕೂತಿದ್ದ ಅಯ್ಯನವರನ್ನು ನೋಡಿದ, ಇತ್ತ ಬಾಗಿಲಲ್ಲಿ ಗುಂಪಾಗಿದ್ದ ನಮ್ಮೂರವರನ್ನು ನೋಡಿದ. ಇಲ್ಲ ಎಂದರೆ ಮಠದಲ್ಲಿ ಸುಳ್ಳು ಹೇಳಿದವನಾಗಬೇಕು. ಹೌದು ಎಂದರೆ ಗೋವು ಕೊಂದ ಗೌಡನೆಂದು ಸರ್ಕಾರದ ಕಡತಕ್ಕೆ ಸೇರಬೇಕು.

"ನಂದು ಬೇರೆ ಸ್ವಾಮಿ" ಎಂದ ಗೌಡ. "ಇವಂದು ಬೇರೆ."

ಹೇಗೆ ಬೇರೆ ಎಂದು ವಕೀಲರು ಎಷ್ಟು ತಿರುಗಿಸಿ ಕೇಳಿದರೂ ಅವನ ಬಾಯಿಂದ ಇನ್ನೊಂದು ಮಾತು ಹೊರಡಲಿಲ್ಲ. ನಾನು ಅಣ್ಣನ ಮುಖ ನೋಡಿದೆ. ದಫೇದಾರ ಬಂದಾಗಲೂ ಕಂದದ ಮುಖ ಆಗ ಕಂದಿತು.

ಕೊನೆಗೆ ಸಾಹೇಬರು ಅಣ್ಣನನ್ನೇ ಕೇಳಿದರು. ಆ ಮನುಷ್ಯ ಕೆಟ್ಟವರಲ್ಲ. ಬಿಡಿಸಲು ಒಂದು ದಾರಿ ಸಿಕ್ಕಿದರೆ ಬಿಡೋಣ ಎನ್ನುವ ಹಾಗೆಯೇ ಮೆಲ್ಲಗೆ ಕೇಳಿದರು. "ಮಠದಲ್ಲಿ ಹಾಗೆ ಹೇಳಿದೆಯಾ? ಹೇಳಿದ್ದು ನಿಜವೋ, ಬರೀ ಸಂಪ್ರದಾಯಕ್ಕೋ?"

ವಕೀಲರು ಬಾಯಿ ಮುಚ್ಚು ಎಂದು ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಅತ್ತಿಗೆಯ ಕೈ ಹಿಡಿದುಕೊಂಡೆ.

"ಹೇಳ್ದೆ ಬುದ್ಧಿ. ಸುಳ್ಳು ಅಂದ್ರೆ ಮಠದಲ್ಲಿ ಕುಡಿದ ತೀರ್ಥ ಏನಾತದೆ? ಮನೇಲಿ ಬಸುರಿ ಅವಳೆ. ನನ್ನ ಕೈಲೇ ಹೋಯ್ತು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂರು ತಿಂಗಳ ಸಜೆಯಾಯಿತು. ಮೇಲಿನ ಕೋರ್ಟಿಗೆ ಹೋಗೋಣ ಎಂದು ವಕೀಲರು ತಾವಾಗಿಯೇ ಹೇಳಿದರು. ಅಣ್ಣ ಬೇಡ ಎಂದ. ರೈಲಿನಲ್ಲಿ ಶಿವಮೊಗ್ಗದ ಜೈಲಿಗೆ ಕರೆದುಕೊಂಡು ಹೋದರು. ನಾವಿಬ್ಬರೂ ಅದೇ ನಿಲ್ದಾಣದಲ್ಲಿ ಬೀರೂರಿನ ರೈಲಿಗೆ ಕಾಯುತ್ತ ಕೂತೆವು. ಅವನಿಗೆಂದು ಕಟ್ಟಿದ್ದ ಬುತ್ತಿ ನನ್ನ ಮಡಿಲಲ್ಲೇ ಇತ್ತು.

ಅವನು ಜೈಲಿನಲ್ಲಿದ್ದಾಗಲೇ ಅತ್ತಿಗೆ ಹೆತ್ತಳು, ಗಂಡು ಕೂಸು. ಬಾಣಂತನಕ್ಕೆ ನಾನೇ ಹೋಗಿ ನಿಂತೆ. ಊರ ಹೆಂಗಸರು ಬಾಗಿಲವರೆಗೆ ಬಂದು ಬೆಲ್ಲ, ಕೊಬ್ಬರಿ ಕೊಟ್ಟು ಹೋದರು, ಒಳಗೆ ಬರಲಿಲ್ಲ. ಗಂಡ ಜೈಲಿಂದ ಬರಲಿ, ಆಮೇಲೆ ಎಂದರು. ಅವನು ಬಂದ ಮೇಲೆ ತಿಳಿಯಿತು ಆ 'ಆಮೇಲೆ' ಏನೆಂದು. ಜೈಲಿನಲ್ಲಿ ಯಾರ್ಯಾರದೋ ಕೈಯ ಅನ್ನ ಉಂಡಿದ್ದಾನೆ, ಮತ್ತೆ ಮಠದ ಕಟ್ಟೆ ಹತ್ತಬೇಕು, ಮತ್ತೆ ತಪ್ಪು ಒಪ್ಪಿಕೊಳ್ಳಬೇಕು. ಮುಂದೆ ನಿಂತು ಇದನ್ನೆಲ್ಲ ಮಾಡಿಸುವವನು ಗೌಡ.

ಅಣ್ಣ ಮಠಕ್ಕೆ ಹೋದ. ಕೂಸನ್ನು ಎತ್ತಿಕೊಂಡು ನಾನೂ ಅತ್ತಿಗೆಯೂ ದೂರದಲ್ಲಿ ನಿಂತೆವು. ಊರು ಕೂಡಿತ್ತು. ಅಯ್ಯನವರು ತೀರ್ಥದ ಬಟ್ಟಲು ಹಿಡಿದು ಕೂತಿದ್ದರು. ಅಣ್ಣ ಕಟ್ಟೆ ಹತ್ತಿ ನಿಂತ, ಕೈ ಕಟ್ಟಿಕೊಂಡ, ಮಾತಾಡಲಿಲ್ಲ.

"ಹೇಳಪ್ಪಾ, ಹೊತ್ತಾಯ್ತದೆ" ಎಂದ ಗೌಡ.

ಅಣ್ಣ ಸುಮ್ಮನಿದ್ದ.

"ಏನ್ಲೇ, ಮಾತು ಮರ್ತೋಯ್ತಾ? ತಪ್ಪಾಯ್ತು ಅನ್ನು, ಸಾಕು."

"ಮರ್ತಿಲ್ಲ ಗೌಡ್ರೆ" ಎಂದ ಅಣ್ಣ. "ಹಿಂದೆ ಇಲ್ಲೇ ನಿಂತು ಹೇಳ್ದೆ. ನಾವೆಲ್ಲ ಒಂದೇ ಮಾತು ಹೇಳ್ತೀವಿ ಅಂದ್ಕೊಂಡಿದ್ದೆ. ನಿಮ್ದು ಬೇರೆ, ನಂದು ಬೇರೆ ಅಂತ ತರೀಕೆರೇಲಿ ನೀವೇ ಹೇಳಿದ್ರಿ. ವಕೀಲರು ನಂಗೊಂದು ಕಲಿಸವ್ರೆ. ಹಿಂಗೆ ನಿಲ್ಲಿಸಿ ಕೇಳಿದಾಗ ಸುಮ್ಕಿರಬೋದಂತೆ. ಸುಮ್ಕಿರ್ತೀನಿ."

ಮತ್ತೆ ಬಾಯಿ ತೆರೆಯಲಿಲ್ಲ. ಅಯ್ಯನವರು ಬಹಳ ಹೊತ್ತು ಕಾದರು. ಆಮೇಲೆ ಬಟ್ಟಲನ್ನು ಒಳಗೆ ತೆಗೆದುಕೊಂಡು ಹೋದರು. ಜನ ಒಬ್ಬೊಬ್ಬರಾಗಿ ಎದ್ದರು. ಮಾತಾಡಲೇಬೇಕಾಗಿರದ ಕಡೆ ಮಾತಾಡಿ ಜೈಲು ಕಂಡ ಮನುಷ್ಯ, ಮಾತಾಡಲೇಬೇಕಾದ ಕಡೆ ಸುಮ್ಮನಿದ್ದು ಊರು ಕಳೆದುಕೊಂಡ. ನಾನು ಅವನನ್ನು ಎರಡಕ್ಕೂ ಬೈದಿದ್ದೇನೆ. ಆದರೆ ಆ ದಿನ ಕಟ್ಟೆಯ ಮೇಲೆ ನಿಂತಿದ್ದ ಅವನನ್ನು ನೋಡಿ ನನಗೆ ಹೆಮ್ಮೆಯಾದದ್ದೂ ನಿಜ.

ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಮನೆಮನೆಗೂ ಹೋಗಿ ಕರೆದು ಬಂದೆ. ಹೋಳಿಗೆ ಮಾಡಿದೆವು, ಚಾಪೆ ಹಾಸಿದೆವು, ಎಲೆ ಅಡಿಕೆ ತಟ್ಟೆಯಲ್ಲಿಟ್ಟು ಕಾದೆವು. ಒಬ್ಬರೂ ಬರಲಿಲ್ಲ. ಸಂಜೆಗೆ ನಾನೊಬ್ಬಳೇ ತೊಟ್ಟಿಲ ಹಗ್ಗ ಹಿಡಿದು ಜೋಗುಳ ಹೇಳಿದೆ. ಅಣ್ಣ ಹಿತ್ತಲಿನಲ್ಲಿ ತೆಂಗಿನ ಬುಡಕ್ಕೆ ನೀರು ಹಾಕುತ್ತಿದ್ದ. ಹಾಸಿದ ಚಾಪೆಯನ್ನು ಸುತ್ತಿಡುತ್ತ ಅತ್ತಿಗೆ ಮೆಲ್ಲಗೆ ಹೇಳಿದಳು:

"ನಾನು ಹೆಂಡ್ತಿ ಅಂತ ಕಚೇರೀಲಿ ನನ್ನ ಮಾತು ನಂಬ್ಲಿಲ್ಲ, ಹೋಗ್ಲಿ. ಅವತ್ತು ಅವ್ರು ಹೊಡೀದೆ ಇದ್ದಿದ್ರೆ ಈ ಕೂಸು ಇರ್ತಿತ್ತಾ? ಇದಕ್ಕಿಂತ ಸಾಕ್ಷಿ ಬೇಕಾ? ಇದನ್ನ ನೋಡಾಕೂ ಯಾರೂ ಬರ್ಲಿಲ್ವಲ್ಲವ್ವಾ."