ಅವ್ವನ ಖಾರದ ಭರಣಿ

ನನ್ನ ಜೊತೆ ಓದಿದವರು ಈಗ ತಮ್ಮ ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದಾರೆ. ನಾನು ಇಪ್ಪತ್ತಾರು ದಾಟಿದರೂ ಟವೆಲ್ ಎಲ್ಲಿದೆ ಎಂದು ಅವ್ವನನ್ನೇ ಕೂಗುತ್ತಿದ್ದೆ. ಸರ್ಕಾರಿ ನೌಕರಿಯ ಪರೀಕ್ಷೆಗೆಂದು ಹಾವೇರಿಯಲ್ಲಿ ರೂಮು ಮಾಡಿಕೊಂಡು ಓದಿದೆ, ಆಗಲಿಲ್ಲ. ಈಗ ದಿನಾ ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಬಸ್ಸು ಹತ್ತಿ, ಒಂದು ಬೀಜದ ಕಂಪನಿಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತೇನೆ. ಮುಂದೇನು ಎಂದು ಯಾರಾದರೂ ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಯಾಕೆಂದರೆ ನನಗೇ ಗೊತ್ತಿಲ್ಲ.

ಹೋದ ದೀಪಾವಳಿಯ ಮುಂಚೆ ಅವ್ವ ತೀರಿಕೊಂಡಳು. ಜ್ವರವೆಂದು ಮಲಗಿದವಳು ಏಳಲೇ ಇಲ್ಲ. ಮಣ್ಣಿಗೆ ಬಂದ ಚಿಗವ್ವಂದಿರು, ಅತ್ತೆಯಂದಿರು ಹೋಗುವಾಗ ನನ್ನ ತಲೆ ಸವರಿ, "ಇನ್ನ ಈ ಮನಿಗೆ ನೀನ ದೊಡ್ಡಾಕಿ ನೋಡವಾ" ಎಂದರು. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟಷ್ಟು ಸಲೀಸಾಗಿ ಹೇಳಿಬಿಟ್ಟರು. ನನಗೆ ದೊಡ್ಡಾಕಿ ಆಗುವುದು ಬೇಡವಾಗಿತ್ತು. ಅವ್ವ ಬೇಕಾಗಿತ್ತು.

ಅವಳು ಹಿಂದಿನ ಬೇಸಿಗೆಯಲ್ಲಿ ಕುಟ್ಟಿಸಿಟ್ಟಿದ್ದ ವರ್ಷದ ಖಾರದ ಪುಡಿ ಭರಣಿಯಲ್ಲಿ ಇನ್ನೂ ಉಳಿದಿತ್ತು. ಅದು ಮುಗಿದರೆ ಅವ್ವನ ಅಡುಗೆಯ ರುಚಿ ಮನೆಯಿಂದಲೇ ಹೋದಂತೆ ಎಂದು ಭರಣಿಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಬಚ್ಚಿಟ್ಟೆ. ಅಂಗಡಿಯ ಪುಡಿ ತಂದು ಅಡುಗೆ ಮಾಡಿದೆ. ಅಪ್ಪ ದಿನಾ ಅದನ್ನೇ ಉಂಡ.

ಬೇಸಿಗೆ ಬಂತು. ಓಣಿಯ ಮಾಳಿಗೆಗಳ ಮೇಲೆಲ್ಲ ಮೆಣಸಿನಕಾಯಿ ಹರಡಿದರು. ನಾನೂ ಹಠಕ್ಕೆ ಬಿದ್ದು, ಕಣ್ಣು ಕುಕ್ಕುವಂಥ ಕೆಂಪು ಕಾಯಿ ಆರಿಸಿ ತಂದು, ಒಣಗಿಸಿ, ತೊಟ್ಟು ಮುರಿದು ಗಿರಣಿಗೆ ಒಯ್ದೆ.

"ಇದೊಂದ ಜಾತಿ ಕಾಯೇನ್ರಿ ಅಕ್ಕಾರ?" ಎಂದರು ಗಿರಣಿಯವರು.

"ಹೌದ್ರಿ, ಯಾಕ?" ಎಂದು ಸೀನುತ್ತಲೇ ಜೋರು ಮಾಡಿದೆ. ಅವರು ಕುಟ್ಟಿಕೊಟ್ಟರು.

ಆ ಸಂಜೆ ಬದನೆಕಾಯಿ ಪಲ್ಯದ ಬಣ್ಣ ನೋಡಿ ಹಿಗ್ಗಿದೆ. ಬಾಯಿಗಿಟ್ಟರೆ ಸಪ್ಪೆ. ನಮ್ಮೂರ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅದಕ್ಕೆ ಗುಂಟೂರು ಕಾಯಿ ಬೆರೆಸಬೇಕು. ಇದನ್ನು ಬ್ಯಾಡಗಿಯಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ, ಆದರೂ ನನಗೆ ಹೊಳೆದಿರಲಿಲ್ಲ. ಅವ್ವ ಬೆರೆಸುತ್ತಿದ್ದಳು, ನಾನು ಉಣ್ಣುತ್ತಿದ್ದೆ, ಅಷ್ಟೇ.

"ಅಪ್ಪಾ, ಹ್ಯಾಂಗಾಗೈತಿ?"

"ಚಲೋ ಆಗೈತಿ. ನಿಮ್ಮವ್ವ ಮಾಡಿದಂಗ ಐತಿ."

ಮಜ್ಜಿಗೆ ತರಲು ಒಳಗೆ ಹೋಗಿ ಬಂದೆ. ಅಪ್ಪ ರೊಟ್ಟಿಯ ಕೆಳಗೆ ಹಸಿಮೆಣಸಿನಕಾಯಿ ಮುಚ್ಚಿಟ್ಟುಕೊಂಡು ಕಡಿಯುತ್ತಿದ್ದ. ನನಗೆ ನೋವಾದೀತೆಂದು ತನ್ನ ಮನೆಯಲ್ಲೇ ಕದ್ದು ತಿನ್ನುತ್ತಿದ್ದ. ನಾನು ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮರುದಿನ ಗುಂಟೂರು ಕಾಯಿ ಕುಟ್ಟಿಸಿ ಅಂದಾಜಿನ ಮೇಲೆ ಬೆರೆಸಿದೆ. ಖಾರವೇನೋ ಬಂತು. ಆದರೆ ಅಟ್ಟದ ಭರಣಿ ಮನಸ್ಸಿನಿಂದ ಹೋಗಲಿಲ್ಲ. ಅವ್ವ ಅಪ್ಪನಿಗೂ ಸೇರಿದವಳು, ಅವಳ ಖಾರವನ್ನು ನಾನೊಬ್ಬಳೇ ಹಿಡಿದಿಟ್ಟುಕೊಂಡಿದ್ದೆ. ಇಳಿಸಿ ಮುಚ್ಚಳ ತೆಗೆದೆ. ಆ ವಾಸನೆಗೆ ಅವಳು ನನ್ನ ಹಿಂದೆಯೇ ನಿಂತಂತಾಯಿತು. ಎಷ್ಟೋ ಹೊತ್ತು ಕೈ ಬರಲಿಲ್ಲ. ಕೊನೆಗೆ ನನ್ನ ಪುಡಿಯ ಮೇಲೆ ಅಷ್ಟನ್ನೂ ಸುರುವಿ ಕೈಯಾಡಿಸಿದೆ.

ಸಂಜೆ ಅಪ್ಪ ಮೊದಲ ತುತ್ತಿಗೇ ಕೈ ನಿಲ್ಲಿಸಿದ.

"ಪೂರಾ ಹಾಕಿದೇನವಾ?"

ಬಚ್ಚಿಟ್ಟದ್ದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಹೂಂ ಎಂದೆ.

ತಲೆ ಬಗ್ಗಿಸಿ ಪೂರ್ತಿ ಉಂಡ. ಕೈ ತೊಳೆಯಲು ಎದ್ದವನು ನನ್ನ ಕಡೆ ನೋಡದೆ ಹೇಳಿದ:

"ಆ ಭರಣಿ ಇಷ್ಟರಾಗ ತೊಳೀಬ್ಯಾಡ."