ಅಣ್ಣನ ಅಂಗಾಲು

ಅವ್ವನ ಫೋನು ಬಂದಾಗ ನಾನು ಪಿರಿಯಾಪಟ್ಟಣದ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ. ಸ್ಕೂಲಿನ ಹೊತ್ತಿನಲ್ಲಿ ಫೋನು ಮಾಡಬೇಡ ಎಂದು ಸಾವಿರ ಸಲ ಹೇಳಿದ್ದರೂ ಅವಳು ಮಾಡುವುದು ಬಿಡುವುದಿಲ್ಲ. ಸಿಡುಕಿಕೊಂಡೇ ಎತ್ತಿದೆ.

“ಕಾಲು ಎಳ್ಕಂಡ ಕಣಮ್ಮಿ! ಎಣ್ಣೆ ತಿಕ್ತಿದ್ದೆ, ಅಂಗಾಲು ಮುಟ್ಟಿದ್ದೇ ತಡ, ಸಟ್ನೆ ಎಳ್ಕಂಡ. ದ್ಯಾವ್ರು ಕಣ್ಬುಟ್ಟ ಕಣಮ್ಮಿ!”

ಅವ್ವ ಅಳುತ್ತಲೇ ನಗುತ್ತಿದ್ದಳು. ನಾನು ಡಬ್ಬಿ ಮುಚ್ಚಿಟ್ಟೆ. ಅಣ್ಣನ ಕಾಲು ಯಾಕೆ ಎಳೆದುಕೊಂಡಿತೆಂದು ನನಗೆ ಗೊತ್ತಿತ್ತು. ಹತ್ತನೇ ಕ್ಲಾಸಿನ ಮಕ್ಕಳಿಗೆ ವರ್ಷ ವರ್ಷವೂ ನಾನೇ ಹೇಳಿಕೊಡುವ ಪಾಠ ಅದು.

ನಮ್ಮೂರು ಹುಣಸೂರು ಕಡೆಯದು, ಹೊಗೆಸೊಪ್ಪಿನ ಸೀಮೆ. ಸೊಪ್ಪು ಹದ ಮಾಡುವ ಬ್ಯಾರನ್ ಎಂದರೆ ಎತ್ತರದ, ಕತ್ತಲು ಕತ್ತಲಾದ ಒಂದು ಕೋಣೆ. ಒಳಗೆ ನೆತ್ತಿಯವರೆಗೂ ಅಡ್ಡಮರಗಳು. ಎರಡು ಮರಗಳ ಮೇಲೆ ಎರಡು ಕಾಲಿಟ್ಟು ನಿಂತು, ಕೆಳಗಿನವರು ಎತ್ತಿಕೊಟ್ಟ, ಸೊಪ್ಪು ಕಟ್ಟಿದ ಕಡ್ಡಿಗಳನ್ನು ಮೇಲೆ ಜೋಡಿಸುವುದು ಅಣ್ಣನ ಕೆಲಸ. ಅಲ್ಲಿ ನಿಂತು ಹಾಡುತ್ತಿದ್ದ. ಬೆಂಕಿ ಯಾಕೆ ದಂಡ, ನಿನ್ನ ಹಾಡು ಕೇಳಿದರೇ ಸೊಪ್ಪು ಬಾಡುತ್ತದೆ ಎಂದು ನಾನು ರೇಗಿಸುತ್ತಿದ್ದೆ. ಹೊಲದವನಿಗೆ ಈಗ ಹೆಣ್ಣು ಕೊಡುವವರಿಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವನೂ ಅವ್ವನೂ ಇಬ್ಬರೇ. ಆ ಫೋನು ಬರುವುದಕ್ಕೆ ಒಂದೆರಡು ತಿಂಗಳ ಮುಂಚೆ, ಗೆದ್ದಲು ತಿಂದಿದ್ದ ಮರವೊಂದು ಅವನ ಕಾಲಡಿ ಮುರಿಯಿತು. ನೆಲದ ಮೇಲೆ ಒಲೆಯ ಕಾವು ಸಾಗುವ ಕಬ್ಬಿಣದ ಕೊಳವೆ ಹಾದುಹೋಗಿತ್ತು. ಅವನ ಬೆನ್ನು ಅದರ ಮೇಲೆಯೇ ಬಿತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಬೆನ್ನಿನ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಮೂಳೆಗೆ ರಾಡು ಹಾಕಿ ನಿಲ್ಲಿಸಬಹುದು, ಒಳಗಿನದಕ್ಕೆ ಮಾಡುವುದೇನೂ ಇಲ್ಲ ಎಂದರು. ಒಳಗಿನದು ಮಿದುಳುಬಳ್ಳಿ. ಬೆನ್ನುಮಣಿಗಳು ಒಂದರ ಮೇಲೊಂದು ಕೂತು ಅದಕ್ಕೆ ಓಣಿ ಮಾಡಿಕೊಟ್ಟಿವೆ. ಬುರುಡೆಯಿಂದ ಹೊರಟು ಸೊಂಟದ ಮೇಲಿನವರೆಗೆ ಇಳಿಯುತ್ತದೆ. ದಾರಿಯುದ್ದಕ್ಕೂ ಮಣಿಗಳ ಸಂದಿನಿಂದ ಎಡಕ್ಕೊಂದು ಬಲಕ್ಕೊಂದು ನರ ಹೊರಡುತ್ತದೆ. ಏಳು, ನಡೆ ಎಂಬ ಅಪ್ಪಣೆ ಇಳಿಯುವುದೂ ಅದರಲ್ಲೇ. ಮುಳ್ಳು ಚುಚ್ಚಿತು, ನೀರು ತಣ್ಣಗಿದೆ ಎಂಬ ಸುದ್ದಿ ಏರುವುದೂ ಅದರಲ್ಲೇ. ಇಷ್ಟೆಲ್ಲ ಮಾಡುವ ಬಳ್ಳಿ ಎಷ್ಟು ದಪ್ಪ ಗೊತ್ತೇನ್ರೋ ಎಂದು ಕ್ಲಾಸಿನಲ್ಲಿ ನನ್ನ ಕಿರುಬೆರಳನ್ನು ಎತ್ತಿ ತೋರಿಸುತ್ತಿದ್ದೆ. ಅಣ್ಣನದು ಬೆನ್ನಿನ ನಡುವೆ ಜಜ್ಜಿಹೋಗಿತ್ತು. ಆಮೇಲೆ ನಾನು ಆ ಬೆರಳನ್ನು ಎತ್ತಲಾರದೆ ಹೋದೆ.

ಮೊದಲ ಕೆಲವು ವಾರ ಅವನ ಕಾಲುಗಳು ಒದ್ದೆ ಬಟ್ಟೆಯ ಹಾಗೆ ಬಿದ್ದಿದ್ದವು. ಡಾಕ್ಟರು ನನ್ನನ್ನು ಬದಿಗೆ ಕರೆದು ಎಚ್ಚರಿಸಿದ್ದರು. ಏಟು ಬಿದ್ದ ಹೊಸದರಲ್ಲಿ ಬಳ್ಳಿಯ ಕೆಳಭಾಗವೂ ಮಂಕಾಗಿರುತ್ತದಂತೆ. ದಿನ ಕಳೆದಂತೆ ಅದು ತನ್ನಷ್ಟಕ್ಕೆ ಎಚ್ಚರಗೊಂಡು ಕಾಲನ್ನು ಜಗ್ಗುತ್ತದೆ, ಅದನ್ನು ವಾಸಿಯಾಯಿತೆಂದು ತಿಳಿಯಬೇಡಿ ಎಂದಿದ್ದರು. ಬಿಸಿ ಪಾತ್ರೆ ಮುಟ್ಟಿದರೆ ಕೈ ಮೊದಲು ಹಿಂದಕ್ಕೆ ಬರುತ್ತದೆ, ಉರಿ ಆಮೇಲೆ ತಿಳಿಯುತ್ತದೆ. ಸುದ್ದಿ ಬಳ್ಳಿಯವರೆಗೆ ಹೋಗಿ ಅಲ್ಲಿಂದಲೇ ಸ್ನಾಯುವಿಗೆ ತಿರುಗುತ್ತದೆ, ಮಿದುಳನ್ನು ಕೇಳುವುದಿಲ್ಲ. ಮಕ್ಕಳಿಗೆ ಇದನ್ನು ಪರಾವರ್ತಿತ ಪ್ರತಿಕ್ರಿಯೆ ಎಂದು ಬರೆಸುತ್ತೇನೆ. ಅಣ್ಣನಿಗೆ ಆ ‘ಆಮೇಲೆ’ ಎಂಬುದು ಬರುವುದೇ ಇಲ್ಲ.

ಶನಿವಾರ ಸ್ಕೂಲು ಮುಗಿಸಿ ಊರಿಗೆ ಹೋದರೆ ಮನೆ ತುಂಬ ಜನ. ಪಾರಿವಾಳದ ರಕ್ತ ಹಚ್ಚಿ ಎನ್ನುವವರೊಬ್ಬರು, ಕೇರಳದ ಎಣ್ಣೆ ತರಿಸಿ ಎನ್ನುವವರೊಬ್ಬರು. ಊರಿಗೆಲ್ಲ ಡಾಕ್ಟರಿಕೆ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ಅವ್ವ ಬಂದವರಿಗೆಲ್ಲ ಅಣ್ಣನ ಅಂಗಾಲು ಗೀರಿ, ಕಾಲು ಎಳೆದುಕೊಳ್ಳುವುದನ್ನು ತೋರಿಸುತ್ತಿದ್ದಳು. ಎದ್ದು ನಿಂತ ದಿನ ಚುಂಚನಕಟ್ಟೆಗೆ ಕರೆದುಕೊಂಡು ಹೋಗಿ ಹೊಳೆಯಲ್ಲಿ ಮೀಯಿಸುತ್ತೇನೆಂದು ಹರಕೆಯನ್ನೂ ಹೊತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಅಡಿಗೆಮನೆಗೆ ಕರೆದು, ಅದು ಅವನು ಎಳೆದುಕೊಂಡದ್ದಲ್ಲವ್ವ, ಕಾಲು ತಾನೇ ಎಳೆದುಕೊಳ್ಳುತ್ತದೆ ಎಂದು ತಿಳಿದ ಹಾಗೆ ಬಿಡಿಸಿ ಹೇಳಿದೆ.

“ನಿನ್ ಪುಸ್ತಕ್ದಲ್ಲಿ ನನ್ ಮಗನ ಕಾಲು ಬರ್ದವ್ರಾ? ನಾ ಕಣ್ಣಾರೆ ಕಂಡಿವ್ನಿ. ಸುಮ್ಕಿರು ನೀನು” ಎಂದು ಒಲೆಯ ಕಡೆ ತಿರುಗಿದಳು. ಅವಳ ಬೆನ್ನು ನೋಡುತ್ತ ನಿಂತೆ.

ಜನ ಹೋದ ಮೇಲೆ ಅಣ್ಣನ ಮಂಚದ ಹತ್ತಿರ ಕೂತೆ. ನಮ್ಮ ಮನೆಯಲ್ಲಿ ಕೋಳಿ ಕುಯ್ಯುವವನು ಅವನೇ.

“ಕುಯ್ದ್ ಮ್ಯಾಲೂ ಕೋಳಿ ಒದ್ಕತದಲ್ಲ, ಅಂಗೇ ಅಲ್ವೇನಮ್ಮಿ ಇದು?” ಎಂದು ಕೇಳಿದ.

ಹೌದೆಂದು ತಲೆಯಾಡಿಸಿದೆ. ಅವನು ಸೂರು ನೋಡುತ್ತ ಹೇಳಿದ.

“ಅವ್ವಂಗೆ ಏಳ್ಬ್ಯಾಡ. ಅವ್ಳಿಗಾದ್ರೂ ಆಸೆ ಇರ್ಲಿ ಬುಡು.”

“ಹೇಳಾಯ್ತು. ನಂಬ್ಲಿಲ್ಲ.”

“ನಿನ್ ಮಾತ್ನ ಅವ್ಳು ಯಾವತ್ತು ನಂಬವ್ಳೆ?” ಎಂದು ನಕ್ಕ. ನಾನೂ ನಕ್ಕೆ. ಆಮೇಲೆ ಹಿತ್ತಲಿಗೆ ಹೋಗಿ, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತೆ.

ಅಂದಿನಿಂದ ಅವನು ಒಂದು ಆಟ ಹೂಡಿದ. ಸಂಜೆ ಅವ್ವ ಹರಳೆಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ, ಅವನ ಅಂಗಾಲಿಗೆ ತಿಕ್ಕುತ್ತ “ಗೊತ್ತಾಯ್ತದಾ ಮಗ?” ಎಂದು ಕೇಳುವಳು. ದಿಂಬಿಗೆ ಒರಗಿದವನು ಅವಳ ಕೈ ನೋಡಿಕೊಂಡು ಉತ್ತರ ಕೊಡುವನು. ಹೆಬ್ಬೆರಳು ಒತ್ತಿದರೆ “ಎಬ್ಬೆಳ್ಳು ಅಲ್ವಾ?” ಎನ್ನುವನು. ಎಣ್ಣೆಯ ಹಬೆ ನೋಡಿ “ಬೆಚ್ಗದೆ ಕಣವ್ವ” ಎನ್ನುವನು. ಅವ್ವನ ಮುಖ ಅರಳುವುದು. ನೋಡಲಾರದೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ದಸರಾ ರಜೆಯ ಒಂದು ಸಂಜೆ ನಾನು ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಅವ್ವನಿಗೆ ಯಾರದೋ ಮನೆಗೆ ಹೋಗುವ ಆತುರವಿತ್ತು. ಒಲೆಯಿಂದ ಇಳಿಸಿದ ಎಣ್ಣೆಯನ್ನು ಆರಿಸದೆಯೇ ಸೌಟಿನಲ್ಲಿ ಅಂಗಾಲಿಗೆ ಬಿಟ್ಟಳು. ಒಳಗಿನಿಂದ ಅವಳ ಕೂಗು ಕೇಳಿಸಿತು.

“ನೋಡ್ಬಾರಮ್ಮಿ, ಇವತ್ತು ಎಂಗೆ ಎಳ್ಕಂಡ! ಮಂಡಿ ಎದೆಗ್ಬಂತು! ಎಂಗದೆ ಮಗ?”

“ಇತವಾಗದೆ ಕಣವ್ವ. ಇನ್ನೊಸಿ ಬುಡು.”

ಅವ್ವ ಇನ್ನೊಂದು ಸೌಟು ಬಿಟ್ಟಳು. ಕಾಲು ಮತ್ತೆ ಹಾರಿ, ಸೌಟಿಗೆ ತಗಲಿ, ಎಣ್ಣೆ ಅವಳ ಮಣಿಕಟ್ಟಿನ ಮೇಲೂ ಚೆಲ್ಲಿತು. ಖುಷಿಯಲ್ಲಿ ಅವಳು ಅದನ್ನು ಸೆರಗಿನಿಂದ ಒರೆಸಿಕೊಂಡು, ಹಾಗೆಯೇ ಕಣ್ಣನ್ನೂ ಒರೆಸಿಕೊಂಡಳಂತೆ. ನಾನು ಬಟ್ಟೆ ಹೊತ್ತು ಒಳಗೆ ಬರುವಷ್ಟರಲ್ಲಿ ಎಣ್ಣೆ ಆರಿತ್ತು, ಅವಳು ತಿಕ್ಕುತ್ತಿದ್ದಳು.

ಬೆಳಿಗ್ಗೆ ಕಾಲು ಒರೆಸಲು ಹೊದಿಕೆ ಸರಿಸಿದವಳು ಹಾಗೇ ನಿಂತುಬಿಟ್ಟಳು. ಅಣ್ಣನ ಅಂಗಾಲಿನಲ್ಲಿ ಬೊಬ್ಬೆ ಎದ್ದು ಚರ್ಮ ಸುಲಿದಿತ್ತು. ಅವ್ವ ತನ್ನ ಮಣಿಕಟ್ಟನ್ನು ಎತ್ತಿ ನೋಡಿಕೊಂಡಳು. ಅಲ್ಲೂ ಒಂದು ಬೊಬ್ಬೆ. ರಾತ್ರಿಯೆಲ್ಲ ಉರಿದದ್ದು ಅವಳಿಗೆ ಗೊತ್ತು. ಒಮ್ಮೆ ಕೈ, ಒಮ್ಮೆ ಕಾಲು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ನನ್ನ ಪಾಠದಿಂದ ಆಗದ್ದು ಆ ಒಂದು ಬೊಬ್ಬೆಯಿಂದ ಆಯಿತು.

“ಇತವಾಗದೆ ಅಂದ್ಯಲ್ಲೋ ಮಗ” ಎಂದಳು.

ಅಣ್ಣ ಮುಖವನ್ನು ಗೋಡೆಗೆ ತಿರುಗಿಸಿದ. ಬಿದ್ದಾಗಿನಿಂದ ಒಂದು ದಿನವೂ ನಮ್ಮೆದುರು ಅಳದವನು ಆ ಬೆಳಿಗ್ಗೆ ಮಗುವಿನ ಹಾಗೆ ಅತ್ತ. ಅವ್ವ ಅಳಲಿಲ್ಲ. ಮಂಚದ ಅಂಚಿನಲ್ಲಿ ಕೂತು ಅವನ ತಲೆ ಸವರಿದಳು. ಸವರಿದ ಕೈ ಅವನಿಗೆ ತಿಳಿಯುವ ಜಾಗ ಅದೆಂದು ಈಗ ಅವಳಿಗೂ ಗೊತ್ತಿತ್ತು.

ಹುಣ್ಣು ಮಾಯಲು ಬಹಳ ಕಾಲ ಹಿಡಿಯಿತು. ಚುಂಚನಕಟ್ಟೆಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಬಂದವರಿಗೆ ಕಾಲು ತೋರಿಸುವುದೂ ನಿಂತಿತು. ಎಣ್ಣೆ ಮಾತ್ರ ನಿಲ್ಲಿಸಲಿಲ್ಲ. ಈಗ ಅವಳು, ಎಳೆಗೂಸಿಗೆ ನೀರು ಹದ ನೋಡುವ ಹಾಗೆ, ಮೊದಲು ತನ್ನ ಮೊಣಕೈಯ ಒಳಮಗ್ಗುಲಿಗೆ ಎಣ್ಣೆ ಹಚ್ಚಿ ನೋಡುತ್ತಾಳೆ. ಕಾಲು ಎಳೆದುಕೊಂಡರೆ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಇಳಿಸುತ್ತಾಳೆ. ಗೊತ್ತಾಯ್ತದಾ ಎಂದು ಕೇಳುವುದಿಲ್ಲ.

ಈಗ ಕೇಳುವವನು ಅಣ್ಣ.

“ಬೆಚ್ಗದೇನವ್ವ?” ಎನ್ನುತ್ತಾನೆ.

“ಊಂ ಮಗ, ಬೆಚ್ಗದೆ” ಎನ್ನುತ್ತಾಳೆ ಅವ್ವ.